ರಿಕವರಿ ವಾರದಲ್ಲಿ ಓಡಿದ ಸೈಕಲ್

"ಸಂಜೀಯೊಳಗ ರೂಮ್ ಖಾಲಿ ಮಾಡು ಅಂದಾರ್ರಿ ಸೆಕ್ರೆಟರಿ ಸಾಹೇಬ್ರು, ಅಕ್ಕಾರ. ಅವ್ರ ಸೈಕಲ್ ನಾ ಮುಟ್ಟಿಲ್ರಿ!"

ವಾಚ್‌ಮನ್ ಸಂಗಪ್ಪ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. ಕಂಡದ್ದನ್ನೆಲ್ಲ ಬರೆದಿಡುವ ಡೈರಿಯಿಂದ ತಲೆಯೆತ್ತಿದ ಶ್ರಾವ್ಯಾ ಅತ್ತೆಯ ಮುಖ ನೋಡಿದಳು. ಮುಂಬೈ ವಡಾಲದ ಆ ಬಿಲ್ಡಿಂಗಿನಲ್ಲಿ ಏನು ಕಳೆದರೂ ಜಾಡು ಹಿಡಿಯುವವರು ರಾಜೀವಿ ಅತ್ತೆಯೇ.

"ಅಳುವುದು ಎಂತಕ್ಕೆ ಮಾರಾಯ? ಮೊದಲು ಸೈಕಲ್ ತೋರಿಸು."

ಈಜು, ಸೈಕಲ್, ಓಟ ಮೂರನ್ನೂ ಒಂದೇ ದಮ್ಮಿನಲ್ಲಿ ಮುಗಿಸುವ ಟ್ರಯಥ್ಲಾನಿಗೆ ಬಿಲ್ಡಿಂಗಿನ ಮೂವರು ತಯಾರಾಗುತ್ತಿದ್ದರು: ಸೊಸೈಟಿ ಸೆಕ್ರೆಟರಿ ಕೇಶವಮೂರ್ತಿ, ಎಂಜಿನಿಯರ್ ಅನುರಾಗ್, ಅವರ ಕೋಚ್ ಪ್ರಶಾಂತ. ಅದು ರಿಕವರಿ ವಾರ, ದಣಿದ ಮೈಗೆ ವಿಶ್ರಾಂತಿ. ಮೈ ಸಡಿಲವಾಗಲು ಯೋಗ ಮತ್ತು ಪೂಲಿನಲ್ಲಿ ನಡಿಗೆ, ಅಷ್ಟೇ. ಸೈಕಲ್ ಹತ್ತಿದವನು ಟೀಮಿನಿಂದ ಹೊರಗೆ ಎಂದು ಪ್ರಶಾಂತ ಗದರಿಸಿ, ತನ್ನ ಮತ್ತು ಅನುರಾಗ್‌ನ ಸೈಕಲ್ಲುಗಳನ್ನು ಸರ್ವಿಸಿಗೆಂದು ಗ್ರಾಂಟ್ ರೋಡಿಗೆ ಕಳಿಸಿದ್ದ.

ಮಂಡಿನೋವಿನ ರಾಜೀವಿಯೂ ಅದೇ ಪೂಲಿನಲ್ಲಿ ನಡೆಯುತ್ತಿದ್ದರು. ಶ್ರಾವ್ಯಾ ಟವೆಲ್ ಹಿಡಿದು ದಂಡೆಯಲ್ಲಿ ಕೂರುತ್ತಿದ್ದಳು. ಎರಡು ದಿನದಿಂದ ನೆಗಡಿಯೆಂದು ಅನುರಾಗ್‌ನೂ ಅವಳ ಪಕ್ಕದಲ್ಲಿ, ತುಂಬುತೋಳಿನ ಅಂಗಿ ತೊಟ್ಟು, ಐಸ್ ಹಾಕಿದ ನಿಂಬೂ ಸೋಡಾ ಹೀರುತ್ತ ಕೂತಿರುತ್ತಿದ್ದ.

ಸೈಕಲ್ ಕೋಣೆಯ ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಸಂಗಪ್ಪನ ಕ್ಯಾಬಿನ್ನಿನ ಮೊಳೆಯಲ್ಲಿ. ದಿನಾ ಬೆಳಿಗ್ಗೆ ಅವನು ಪಂಪ್ ಹಾಕಲು ಹೋದಾಗ ಯಾರು ಬೇಕಾದರೂ ತೆಗೆಯಬಹುದಿತ್ತು. ಮೂರ್ತಿಯವರ ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಗಿತ್ತು. ಹ್ಯಾಂಡಲಿನ ಎಡತುದಿ ಉಜ್ಜಿಹೋಗಿತ್ತು. ತಮ್ಮ ಎತ್ತರಕ್ಕೆ ಗುರುತಾಗಿ ಮೂರ್ತಿ ಸೀಟಿನ ಕಂಬಿಗೆ ಸುತ್ತಿದ್ದ ಕೆಂಪು ಟೇಪು ಸೀಟಿನ ಜೊತೆಗೆ ನಾಲ್ಕು ಬೆರಳು ಮೇಲಕ್ಕೇರಿತ್ತು. ಪ್ರತಿ ಸವಾರಿಯನ್ನೂ ಕೋಚ್‌ನ ಫೋನಿಗೆ ಕಳಿಸುವ ಪುಟ್ಟ ಮೀಟರನ್ನು ಯಾರೋ ಬಿಚ್ಚಿ, ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಶ್ರಾವ್ಯಾ, ಡೈರಿ ತಾ. ಇವತ್ತು ನೀನೇ ಓದಬೇಕು."

ಅವಳು ಈವರೆಗೆ ನಾಲ್ಕು ಜನರೆದುರು ಡೈರಿ ಓದಿದವಳಲ್ಲ.

ನಾಲ್ಕು ಗಂಟೆಗೆ ಎಲ್ಲರೂ ಸೊಸೈಟಿ ಆಫೀಸಿನಲ್ಲಿ ಸೇರಿದರು.

"ಕೀಲಿ ಇವನ ಹತ್ರಾನೇ ಇರೋದು. ಇನ್ನೇನು ವಿಚಾರಣೆ?" ಎಂದರು ಮೂರ್ತಿ.

"ಸಂಗಪ್ಪ ನಿಮಗಿಂತ ಗಿಡ್ಡ, ಮೂರ್ತಿಯವರೇ," ಎಂದರು ರಾಜೀವಿ. " ಸೀಟು ಏರಿಸಿದರೆ ಅವನ ಕಾಲು ಪೆಡಲಿಗೆ ಎಟಕುವುದು ಹೇಗೆ? ಓಡಿಸಿದವ ಉದ್ದದವ."

ಎಲ್ಲರೂ ಆರಡಿಯ ಪ್ರಶಾಂತ, ಅನುರಾಗ್ ಕಡೆ ತಿರುಗಿದರು.

"ಕಳ್ಳನಾದರೆ ಮೀಟರು ಒಯ್ಯುತ್ತಿದ್ದ. ಇವ ಬಿಚ್ಚಿಟ್ಟು ಹೋದ. ಸವಾರಿ ಕೋಚಿಗೆ ಗೊತ್ತಾಗಬಾರದು ಅಂತ. ಪ್ರಶಾಂತ ತನಗೆ ತಾನೇ ಹೆದರುತ್ತಾನಾ? ಓದು ಮಗಾ."

ಶ್ರಾವ್ಯಾ ಎದ್ದಳು. ಡೈರಿ ಬಿಡಿಸಿ ಓದಿದಳು. "ಗುರುವಾರ. ಅನುರಾಗ್ ನೆಗಡಿ ಎಂದು ನೀರಿಗಿಳಿಯಲಿಲ್ಲ. ಒಂದು ಸಲವೂ ಸೀನಲಿಲ್ಲ. ಐಸ್ ಹಾಕಿದ ಸೋಡಾ, ಎರಡು ಗ್ಲಾಸು. ಎಡತೋಳು ಕುರ್ಚಿಗೆ ತಾಗಿದಾಗ ಹಲ್ಲು ಕಚ್ಚಿದ."

"ತರಚಿದ ಗಾಯಕ್ಕೆ ಪೂಲಿನ ನೀರು ಉರಿಯುತ್ತದೆ," ಎಂದರು ರಾಜೀವಿ. "ಅಂಗಿಯ ಎಡತೋಳು ಮಡಚು, ಅನುರಾಗ್."

ಮೊಣಕೈಯಿಂದ ಮಣಿಕಟ್ಟಿನವರೆಗೆ ಬ್ಯಾಂಡೇಜು.

"ಸಾರಿ ಆಂಟಿ. ಸುಮ್ನೆ ಕೂತ್ರೆ ಕಾಲು ಜಡ ಆಗೋಗುತ್ತೆ ಅನ್ನಿಸ್ತು. ಸ್ಪೀಡ್‌ಬ್ರೇಕರ್ ದಿಖಾ ಹೀ ನಹೀ, ಕಾಣ್ಲೇ ಇಲ್ಲ."

"ಸಂಗಪ್ಪನ ಮನೆ ಹೋಗೋದಾದ್ರೂ ದಿಖಾ ಕ್ಯಾ?" ಪ್ರಶಾಂತ ಸಿಡುಕಿದ. "ಟೀಮಿನಿಂದ ಔಟ್!"

ಮೂರ್ತಿ ಸಂಗಪ್ಪನ ಮುಂದೆ ಬಂದು ನಿಂತರು. "ತಪ್ಪಾಯ್ತಪ್ಪ. ರೂಮು ನಿಂದೇ. ಇನ್ನೇನು ಬೇಕು, ಹೇಳು."

ಸಂಗಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹನ್ನೆರಡು ವರ್ಷ ಆತ್ರಿ ಸಾಹೇಬ್ರ. ನನಗೂ ಒಂದು ರಿಕವರಿ ವಾರ ಕೊಡ್ರಿ."

ಮರುದಿನ ಬೆಳಿಗ್ಗೆ ಶ್ರಾವ್ಯಾ ಹೊರಟಾಗ, ರಜೆ ಹೋದ ಸಂಗಪ್ಪನ ಬದಲಿಗೆ ಗೇಟು ತೆಗೆದದ್ದು ಅನುರಾಗ್, ಬಲಗೈಯಿಂದ.