ಅಜ್ಜನಿಗೆ ಲೈಸೆನ್ಸ್ ಇಲ್ಲ

ಸಾಬೂನಿನ ಡಬ್ಬಿಯಷ್ಟಿದ್ದ ಆ ಪೆಟ್ಟಿಗೆ ಸ್ಪಷ್ಟ ಕನ್ನಡದಲ್ಲಿ ಮಾತಾಡಿತು. 'ನೀಲವ್ವ ತಳಗೇರಿ ಅವರನ್ನು ಅನರ್ಹಗೊಳಿಸಿದ ಕಾರಣ: ಬಸ್ಸನ್ನು ತಾನು ನಡೆಸುವುದಿಲ್ಲ, ಅಜ್ಜ ಎಂಬ ಇನ್ನೊಬ್ಬರು ನಡೆಸುತ್ತಾರೆ ಎಂದು ಆಕೆಯೇ ಒಪ್ಪಿಕೊಂಡಿದ್ದಾರೆ. ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ಇಲ್ಲ.'

ಹುಬ್ಬಳ್ಳಿಯ ಆ ಬಸ್ ಕಂಪನಿಯ ಕಚೇರಿಯಲ್ಲಿ ಎಲ್ಲರೂ ನೀಲವ್ವನತ್ತ ತಿರುಗಿದರು.

'ಅಯ್ಯ ನನ್ನ ಶಿವನ!' ನೀಲವ್ವ ಗಲ್ಲದ ಮೇಲೆ ಕೈಯಿಟ್ಟಳು. 'ಇಷ್ಟು ವರ್ಷ ಗಾಡಿಗೆ ಒಂದು ಗೀರೂ ಬಿದ್ದಿಲ್ಲಲ್ಲ, ಹೆಂಗ ನಡಸ್ತೀರಿ ಅಂತ ಪರೀಕ್ಷಾ ಮಾಡೂ ಮಶೀನು ಕೇಳ್ತರೀ. ನಂದೇನೈತಿ, ಎಲ್ಲಾ ಮಠದ ಅಜ್ಜ ನಡಸ್ತಾನ ಅಂದೆ. ಮತ್ತೇನ್ ಅನ್ಬೇಕ್ರಿ?'

ಚಾಲಕರನ್ನು ಮಾತಾಡಿಸಿ ಅವರ ಯೋಗ್ಯತೆ ಅಳೆಯುವ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕಂಪನಿ ಹಿಂದಿನ ವರ್ಷ, ಅಂದರೆ ೨೦೬೦ರಲ್ಲಿ, ತರಿಸಿತ್ತು. ಅದು ನೀಲವ್ವನಿಗೆ 'ಅನರ್ಹ' ಎಂದಷ್ಟೇ ಹೇಳಿ ಸುಮ್ಮನಾಗಿತ್ತು. ಕಣ್ಣು ಮಂಜಾಯಿತೋ, ಕೈ ನಡುಗಿತೋ ಎಂದು ಆಕೆ ತನ್ನನ್ನೇ ಅನುಮಾನಿಸುತ್ತ ಮನೆಯಲ್ಲಿ ಕೂತಿದ್ದಳು. ಸ್ಟಿಯರಿಂಗ್ ಬಿಟ್ಟರೆ ಆಕೆಗೆ ಬೇರೆ ಲೋಕವಿರಲಿಲ್ಲ.

ಅಷ್ಟರಲ್ಲಿ ಹೊಸ ಕಾಯಿದೆ ಬಂತು: ಮನುಷ್ಯರ ಬಗ್ಗೆ ತೀರ್ಮಾನ ಮಾಡುವ ಯಂತ್ರ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ನಿಜವಾದ ಕಾರಣ ಹೇಳಬೇಕು. ನಿಜವಾದ ಎಂಬ ಮಾತಿನಲ್ಲೇ ತೊಡಕಿತ್ತು, ಏಕೆಂದರೆ ನೆಪ ಹೇಳುವುದು ಯಂತ್ರಗಳಿಗೂ ಚೆನ್ನಾಗಿ ಬರುತ್ತಿತ್ತು. ವಿಜ್ಞಾನಿ ಶಾಲ್ಮಲಾ ಹಂಚಿನಮನಿ ಕಟ್ಟಿದ 'ಕಾರಣವಾಣಿ' ಎಂಬ ಈ ಪೆಟ್ಟಿಗೆ, ತೀರ್ಮಾನ ಮಾಡಿದ ಯಂತ್ರದ ಮಾತನ್ನು ನಂಬುತ್ತಿರಲಿಲ್ಲ. ಅದರೊಳಗಿನ ಕೋಟಿಗಟ್ಟಲೆ ಅಂಕಿಗಳ ಹಾದಿ ಹಿಡಿದು, ತಕ್ಕಡಿ ಯಾವ ಮಾತಿಗೆ ವಾಲಿತು ಎಂದು ಪತ್ತೆ ಮಾಡುತ್ತಿತ್ತು.

'ಲೆಕ್ಕಾಚಾರ ತಪ್ಪಿಲ್ಲ ನೋಡ್ರಿ ಅಕ್ಕಾರ,' ಶಾಲ್ಮಲಾ ನಗು ತಡೆದುಕೊಂಡರು. 'ಕನ್ನಡ ತಪ್ಪೈತಿ. ದೇವರಂಥ ಅಜ್ಜನ್ನ ಡ್ರೈವರ್ ಮಾಡೇತಿ.'

ಮ್ಯಾನೇಜರ್ ಸಂಗಪ್ಪನಿಗೆ ಬೆವರು ಬಂದಿತ್ತು. 'ಆತು ಬಿಡ್ರಿ, ನಾಳೆಯಿಂದ ಬರಲಿ.'

'ಕಾರಣ?' ಎಂದಿತು ಪೆಟ್ಟಿಗೆ. ಯಂತ್ರದ ತೀರ್ಮಾನ ಬದಲಿಸುವ ಮನುಷ್ಯನೂ ಕಾರಣ ಕೊಡಬೇಕೆಂದು ಅದೇ ಕಾಯಿದೆ ಹೇಳಿತ್ತು. ಜೀವಮಾನವೆಲ್ಲ 'ಮ್ಯಾಲಿಂದ ಆರ್ಡರ್ ಐತಿ' ಎಂದೇ ದಾಟಿಸಿದ್ದ ಸಂಗಪ್ಪ ತಡವರಿಸಿದ.

'ಛಲೋ ನಡಸ್ತಾಳ. ನಾನೂ ಈಕೀ ಬಸ್ಸಿನ್ಯಾಗ ಬರ್ತಿದ್ದೆ. ನವಲಗುಂದ ದಾಟೂದರಾಗ ನನಗ ನಿದ್ದಿ ಹತ್ತತಿತ್ತು, ಅಷ್ಟು ಹಗುರ.'

ನೀಲವ್ವ ತಿರುಗಿ ನೋಡಿದಳು. 'ಗೊತ್ತಿತ್ತೇನ್ರಿ ಸಾಹೇಬ್ರ? ಮತ್ತ ಆವಾಗ ಯಾಕ ಹೇಳಲಿಲ್ಲ?'

'ಯಾರೂ ಕೇಳಲಿಲ್ಲವ್ವಾ,' ಅಂದ ಆತ ತಲೆ ತಗ್ಗಿಸಿ.

ಮರುದಿನ ನೀಲವ್ವ ಅಜ್ಜನ ಫೋಟೊಕ್ಕೆ ಕೈಮುಗಿದು ಸೀಟಿಗೇರಿದಾಗ ಕಂಡಕ್ಟರ್ ಕಿಚಾಯಿಸಿದ, 'ಇವತ್ತ ಯಾರು ನಡಸೂದು ಯಕ್ಕಾ?'

'ನಾನಪಾ. ಅಜ್ಜ ಬಾಜೂಕ ಕುಂತಾನ. ಅವಂಗ ಲೈಸೆನ್ಸ್ ಆಗೂತನಕ!'

ಹಿಂದಿನ ಸೀಟಿನಲ್ಲಿ ಶಾಲ್ಮಲಾ ಮನಸಾರೆ ನಕ್ಕರು. ಯಂತ್ರದಿಂದ ಕಾರಣ ಹೊರಡಿಸಲು ಅವರ ಅರ್ಧ ಆಯುಷ್ಯ ಹಿಡಿದಿತ್ತು. ಸಂಗಪ್ಪ ಇಷ್ಟು ದಿನ ಸುಮ್ಮನಿದ್ದುದರ ಕಾರಣ ಹೊರಡಿಸಲು ನೀಲವ್ವನ ಒಂದು 'ಯಾಕ?' ಸಾಕಾಗಿತ್ತು. ಆ ಪದ ಕಾಯಿದೆಗಿಂತ, ಪೆಟ್ಟಿಗೆಗಿಂತ ಹಳೆಯದು. ಇವತ್ತಿಗೂ ನಮ್ಮೆಲ್ಲರ ಬಾಯಲ್ಲಿದೆ, ಕೇಳುವುದೊಂದೇ ಬಾಕಿ.