ನೀಲಾ ಕೊಡುವ ಗುಳಿಗೆ

ಹಳಿಯಾಳದಲ್ಲಿ ನನ್ನದೊಂದು ಗ್ಯಾರೇಜು. ಎದೆಯಲ್ಲಿರುವುದು ಮಾತ್ರ ನನ್ನ ಹೃದಯವಲ್ಲ, 2004ರಲ್ಲಿ ಬದಲಾಯಿಸಿದರು. ಡಾಕ್ಟರು ಹೆಸರು ಹೇಳಲಿಲ್ಲ. "ಹೆಣ್ಣುಮಗಳು. ನಿದ್ದೆ ಗುಳಿಗೆ ತಾನೇ ನುಂಗಿದ್ದಳಂತೆ, ಗಂಡ ಹೇಳಿದ. ದಾನಕ್ಕೆ ಸಹಿ ಹಾಕಿದವನೂ ಅವನೇ. ಎಲ್ಲ ಪರೀಕ್ಷೆ ಮಾಡಿದ್ದೇವೆ, ಹೃದಯಕ್ಕೆ ವಿಷ ತಾಗಿಲ್ಲ," ಎಂದರು. ನರ ಕತ್ತರಿಸಿ ಕೂರಿಸಿದ್ದರಿಂದ ನಾನು ಹೆದರಿದರೂ ಅದಕ್ಕೆ ಕೂಡಲೇ ಗೊತ್ತಾಗುವುದಿಲ್ಲ ಎಂದೂ ಹೇಳಿದರು.

ಅದು ನಿಜ. ಒಮ್ಮೆ ಜಾಕ್ ಜಾರಿ ಜೀಪು ನನ್ನ ತಲೆಯ ಪಕ್ಕಕ್ಕೇ ಕುಸಿಯಿತು. ಕೈಕಾಲು ಗಡಗಡ ನಡುಗಿದವು, ಎದೆ ಮಾತ್ರ ಗಡಿಯಾರದಂತೆ ಒಂದೇ ಸಮನೆ ಬಡಿಯುತ್ತಿತ್ತು.

ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ಹೆಂಡತಿ ನೀಲಾ ನನ್ನ ಗುಳಿಗೆ ಹಿಡಿದು ಹತ್ತಿರ ಬಂದರೆ ಸಾಕು, ಅದು ಪಕ್ಕೆಲುಬಿಗೆ ಗುದ್ದತೊಡಗುತ್ತದೆ. ಒಂದು ದಿನ ಅವಳು ಎದೆಯ ಮೇಲೆ ಕೈಯಿಟ್ಟು ಗಾಬರಿಯಾದಳು.

"ಯಾಕ್ರೀ, ಇಷ್ಟ ಯಾಕ ಹೆದರೀರಿ?"

"ನಾ ಎಲ್ಲಿ ಹೆದರೇನಿ?"

"ಗುಳಿಗಿ ಕಂಡ್ರ ಆಗೂದಿಲ್ಲೇನೋ," ಎಂದು ಅವಳು ಡಬ್ಬಿಯನ್ನು ನನ್ನ ಕೈಗಿಟ್ಟು ದೂರ ಸರಿದಳು. ನಾನೇ ತೆಗೆದು ನುಂಗಿದೆ. ಗುದ್ದು ನಿಂತಿತ್ತು.

ಅವತ್ತಿನಿಂದ ಎಷ್ಟೋ ಸಲ ಪರೀಕ್ಷಿಸಿ ನೋಡಿದ್ದೇನೆ. ಅದೇ ಗುಳಿಗೆ ನಾನೇ ತೆಗೆದುಕೊಂಡರೆ ಈ ಹೃದಯ ಬೆಚ್ಚುವುದೂ ಇಲ್ಲ. ಇನ್ನೊಬ್ಬರ ಕೈ ಗುಳಿಗೆ ಹಿಡಿದು ಬಾಯಿಯ ಹತ್ತಿರ ಬಂದಾಗ ಮಾತ್ರ ಹೆದರುತ್ತದೆ.