ಪರದೆಯ ಮೇಲಿನ ನಂಬರು

ತಂಗಿಯ ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಅವನು ಅವಳ ಗಂಡನನ್ನು ಕೊಲ್ಲುವುದೆಂದು ನಿಶ್ಚಯಿಸಿದ್ದ. ಗ್ಯಾರೇಜು ನಡೆಸುವ ಆ ಮನುಷ್ಯ ಹೆಂಡತಿಯ ತಲೆಗೆ ಜಾಕಿನ ಹಿಡಿಯಿಂದ ಬಾರಿಸಿದ್ದ. ಕೋರ್ಟಿನಲ್ಲಿ ಅವನ ಗೆಳೆಯ ಕಟಕಟೆ ಹತ್ತಿ, ಆಕೆ ಮೆಟ್ಟಿಲಿಂದ ಜಾರಿದ್ದನ್ನು ಕಣ್ಣಾರೆ ಕಂಡೆ ಎಂದು ಹಸಿಸುಳ್ಳು ಹೇಳಿದ. ಇಬ್ಬರೂ ನಗುತ್ತಾ ಹೊರಗೆ ಬಂದರು. ಗೆಳೆಯನ ಬಿಳಿ ಕಾರು ಹತ್ತಿ ಹೋದರು.

‘ಬಿಟ್ಬಿಡಣ್ಣ, ಜೀವ ಉಳೀತಲ್ಲ’ ಅಂದಳು ತಂಗಿ, ಅಣ್ಣನ ಮನೆಯಲ್ಲಿ ಕೂತು ಬಟ್ಟೆ ಮಡಚುತ್ತಾ.

‘ಬಿಟ್ಟೆ ಬಿಡಮ್ಮ’ ಅಂದ ಅವನು. ಮನಸ್ಸಿನಲ್ಲಿ ಆ ಬಿಳಿ ಕಾರಿನ ನಂಬರನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ.

ಅವನ ಕೆಲಸವೇ ಅಂಥದ್ದು. ತಗಡಿನ ನಂಬರ್ ಪ್ಲೇಟು, ಗಾಜಿಗೆ ಅಂಟಿಸುವ ಸ್ಟಿಕ್ಕರು ಎರಡನ್ನೂ ತೆಗೆದುಹಾಕಿ ಕಾರುಗಳಿಗೆ ನಂಬರು ಮೂಡಿಸುವ ಪರದೆ ಕೂರಿಸುವ ಪ್ರಯೋಗ ನಡೆಯುತ್ತಿತ್ತು. ಅವನು ಆ ಪ್ರಯೋಗದ ಡ್ರೈವರು. ಬಿಸಿಲಲ್ಲಿ, ಧೂಳಲ್ಲಿ, ವೇಗದಲ್ಲಿ ರಸ್ತೆಯ ಕ್ಯಾಮೆರಾಗಳು ಪರದೆಯನ್ನು ಸರಿಯಾಗಿ ಓದುತ್ತವೆಯೇ ಎಂದು ನೋಡಬೇಕು. ಅದಕ್ಕಾಗಿ ಕೈಗೊಂದು ಚಿಕ್ಕ ಯಂತ್ರ ಕೊಟ್ಟಿದ್ದರು. ಅದರಲ್ಲಿ ಯಾವ ನಂಬರು ಒತ್ತಿದರೂ ಕಾರಿನ ಹಿಂದೆಮುಂದೆ ಅದೇ ಮೂಡುತ್ತಿತ್ತು. ಒತ್ತಿದ್ದರ ಗುರುತು ಎಲ್ಲಿಯೂ ಉಳಿಯುತ್ತಿರಲಿಲ್ಲ. ಪ್ರಯೋಗದ ಕಾರೂ ಬಿಳಿಯದು, ಗೆಳೆಯನ ಕಾರಿನ ಪಡಿಯಚ್ಚು.

ಒಂದೇ ಏಟಿಗೆ ಇಬ್ಬರು. ಒಬ್ಬ ಮಣ್ಣಿಗೆ, ಇನ್ನೊಬ್ಬ ಜೈಲಿಗೆ.

ಕಾರಿನ ಮೈಮೇಲಿನ ಗಾಯದ ಚಿಂತೆಯೂ ಇರಲಿಲ್ಲ. ‘ನಾಳೆ ಬೆಳಿಗ್ಗೆ ಗೋಡೆಗೆ ಗುದ್ದಿಸೋಣ. ಪರದೆ ಬದುಕುತ್ತೋ ಸಾಯುತ್ತೋ ನೋಡೇಬಿಡೋಣ’ ಎಂದು ಪ್ರಯೋಗದ ಅಧಿಕಾರಿ ಹೇಳಿದ ದಿನವನ್ನೇ ಅವನು ಆರಿಸಿಕೊಂಡ.

ತಂಗಿಯ ಗಂಡ ಸಂಜೆ ಗ್ಯಾರೇಜಿನ ಬಾಗಿಲೆಳೆದು ಕಾಲುವೆ ಪಕ್ಕದ ರಸ್ತೆಯಲ್ಲಿ ನಡೆದು ಮನೆಗೆ ಹೋಗುತ್ತಿದ್ದ. ತಿರುವಿನಲ್ಲೊಂದು ಕ್ಯಾಮೆರಾ. ಆ ಸಂಜೆ ಅಣ್ಣ ಯಂತ್ರದಲ್ಲಿ ಗೆಳೆಯನ ನಂಬರು ಒತ್ತಿದ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ, ಕ್ಯಾಮೆರಾದ ಮುಂದೆ ಬೇಕೆಂದೇ ನಿಧಾನವಾಗಿ ಹಾದುಹೋದ. ಆಮೇಲೆ ಆಕ್ಸಿಲರೇಟರ್ ಮೇಲೆ ಕಾಲನ್ನು ಪೂರ್ತಿ ಊರಿದ.

ಮೂಳೆ ಮುರಿದ ಸದ್ದು ಹಸಿ ಕಟ್ಟಿಗೆ ಸೀಳಿದಂತಿತ್ತು. ದೇಹ ಬಾನೆಟ್ಟಿನ ಮೇಲೆ ಉರುಳಿ ಕಾಲುವೆಯ ತಡೆಗೋಡೆಗೆ ಬಡಿದು ಬಿತ್ತು. ಸತ್ತಿರಲಿಲ್ಲ. ತೊಡೆಯ ಎಲುಬು ಪ್ಯಾಂಟು ಹರಿದು ಹೊರಗೆ ಬಂದಿತ್ತು. ಕಿಟಕಿಯತ್ತ ಕಣ್ಣೆತ್ತಿ ಗುರುತು ಹಿಡಿದ.

‘ಭಾವ... ಬೇಡ ಭಾವ...’

‘ಅವಳೂ ಹೀಗೇ ಬೇಡ ಅಂದಿದ್ಲಲ್ಲೋ!’

ಹಿಂದಕ್ಕೆ ತೆಗೆದು ಎದೆಯ ಮೇಲೆ ಹತ್ತಿಸಿದ. ಚಕ್ರ ಒಮ್ಮೆ ಎದ್ದು ಇಳಿಯಿತು. ಇನ್ನೊಮ್ಮೆ ಹತ್ತಿಸಿದ, ಅದು ತನಗಾಗಿ.

ದೊಡ್ಡ ರಸ್ತೆ ಸೇರುವ ಮುಂಚೆ ಹಳೆಯ ನಂಬರು ಮರಳಿ ಬಂದಿತ್ತು. ಕಾರು ತೊಳೆದ, ಚಕ್ರದ ಸಂದಿಗೆ ಅಂಟಿದ್ದ ಕೂದಲನ್ನು ಕಿತ್ತು ಒಲೆಗೆ ಹಾಕಿದ. ಬೆಳಿಗ್ಗೆ ಎಲ್ಲರ ಕಣ್ಣೆದುರಿಗೇ ಕಾರನ್ನು ಗೋಡೆಗೆ ಗುದ್ದಿಸಿದರು. ಮುಂಭಾಗ ಅಪ್ಪಚ್ಚಿಯಾಯಿತು.

‘ಗಟ್ಟಿ ಪಿಂಡ ಕಣಯ್ಯ, ಇಷ್ಟಾದ್ರೂ ನಂಬರು ತೋರಿಸ್ತಾ ಇದೆ!’ ಎಂದು ಅಧಿಕಾರಿ ಬೆನ್ನು ತಟ್ಟಿದ. ಅವನೂ ಮನಸಾರೆ ನಕ್ಕ.

ಮಧ್ಯಾಹ್ನದ ಹೊತ್ತಿಗೆ ಗೆಳೆಯನನ್ನು ಪೊಲೀಸರು ಎಳೆದೊಯ್ದ ಸುದ್ದಿ ಬಂತು. ಎಷ್ಟೋ ದಿನಗಳ ಮೇಲೆ ಅವನು ಹೊಟ್ಟೆ ತುಂಬ ಉಂಡ. ತಂಗಿ ಅಳಲೂ ಇಲ್ಲ, ನಗಲೂ ಇಲ್ಲ, ಇನ್ನೊಂದು ಸೌಟು ಅನ್ನ ಬಡಿಸಿದಳು.

ಸಂಜೆ ಬಾಗಿಲು ಬಡಿದ ಇನ್ಸ್‌ಪೆಕ್ಟರ ಜೊತೆ ಇಬ್ಬರು ಮಹಿಳಾ ಪೊಲೀಸರಿದ್ದರು. ‘ನಿಮ್ಮ ತಂಗೀನ ಕರೀರಿ. ಗಂಡನ್ನ ಕೊಲ್ಸಿದ್ದಕ್ಕೆ ಅರೆಸ್ಟ್ ಮಾಡ್ಬೇಕು.’ ಅವನು ಬಾಗಿಲಿಗೆ ಅಡ್ಡ ನಿಂತ. ‘ಏನ್ ಸಾರ್ ಇದು! ಕಾರು ಅವನ ಗೆಳೆಯಂದಲ್ವಾ?’ ಇನ್ಸ್‌ಪೆಕ್ಟರು ತಲೆಯಾಡಿಸಿದ. ‘ಓಡಿಸ್ತಿದ್ದೋನು ಅವನು, ಅಷ್ಟೆ. ಆ ಕಾರನ್ನ ಗಂಡ ಕೊಂಡಿದ್ದು ಮದುವೆ ಆದ ವರ್ಷ. ಆಮೇಲೆ ಗೆಳೆಯನಿಗೆ ಓಡಿಸೋಕೆ ಕೊಟ್ಟಿದ್ದ. ಹೊಡೆದ ಗಂಡ, ಅವನನ್ನ ಕೊಂದ ಕಾರು, ಆ ಕಾರಿನ ಒಡತಿ. ಇನ್ನೇನ್ರೀ ಬೇಕು? ನಂಬರನ್ನ ಆರ್‌ಟಿಓ ದಾಖಲೇಲಿ ಯಾರು ಹಾಕಿ ನೋಡಿದ್ರೂ ಒಡತಿ ಅಂತ ಬರೋದು ಒಂದೇ ಹೆಸರು. ನಿಮ್ಮ ತಂಗೀದು.’